ಮೊಣಕಾಲೆತ್ತರದ ಗೋಡೆ

ಈಚೆಗೆ ಮುಂಡಗೋಡದಲ್ಲಿ, ಹೊಸದಾಗಿ ನೌಕರಿಗೆ ಸೇರಿದ ಪಶುವೈದ್ಯರಿಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ನಿವೃತ್ತರನ್ನು ಕರೆಯುವುದು ಎರಡೇ ಮಾತಿಗೆ. ಮೂರನೆಯದು ಶುರುವಾದರೆ ಕರೆದವರು ಗಡಿಯಾರ ನೋಡುತ್ತಾರೆ. ಎಮ್ಮೆಯ ಹೆರಿಗೆ, ಕಾಲುಬಾಯಿ ಬೇನೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ರೈತನನ್ನು ಬಾಗಿಲಲ್ಲೇ ಬೈದು ಕಳಿಸಬಾರದು ಎಂಬುದು, ಇಷ್ಟನ್ನು ಹೇಳಿ ಮುಗಿಸಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, 'ಸರ್, ಬೇರೆ ಬೇರೆ ಬಗೆಯ ಆಮೆಗಳನ್ನು ಒಂದೇ ಆವರಣದಲ್ಲಿ ಇಡಬಹುದೇ?' ಎಂದು ಕೇಳಿದಳು. ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿದ್ದ ಅಧಿಕಾರಿಯೂ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. 'ಇಡಬಾರದು' ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಇನ್ನೊಂದು ಮಾತಾಡಿದ್ದರೆ ಮರ್ಯಾದೆ ಮೀರುತ್ತಿತ್ತು.

ಚಹಾದ ಹೊತ್ತಿಗೆ ಆ ಹುಡುಗಿ ತಾನಾಗಿ ಹತ್ತಿರ ಬಂದಳು. ಅವಳು ಕೆಲಸ ಮಾಡುವ ಊರಿನಲ್ಲಿ ಕಳ್ಳಸಾಗಣೆಯವರಿಂದ ಹಿಡಿದ ಆಮೆಗಳನ್ನು ತಂದಿಟ್ಟಿದ್ದಾರಂತೆ. ಮೇಲಿನವರು 'ಎಲ್ಲವನ್ನೂ ಒಂದೇ ಕಡೆ ಬಿಡಿ, ಆಮೆ ಅಂದ್ರೆ ಆಮೆ' ಎಂದಿದ್ದಾರಂತೆ. ಈ ಮಾತನ್ನು ನಾನು ದಾಂಡೇಲಿಯಲ್ಲಿ ಕೇಳಿದ್ದು ಅವಳು ಹುಟ್ಟುವುದಕ್ಕೂ ಎಷ್ಟೋ ಮೊದಲು. ಅಂದಿನಿಂದ ಇಂದಿನವರೆಗೆ ನಮ್ಮ ವೃತ್ತಿಯಲ್ಲಿ ಔಷಧ ಬದಲಾಗಿದೆ, ಸೂಜಿ ಬದಲಾಗಿದೆ, ಸೈಕಲ್ ಹೋಗಿ ಜೀಪು ಬಂದಿದೆ. ಈ ಮಾತು ಮಾತ್ರ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ ಉಳಿದುಕೊಂಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಆ ಹುಡುಗಿಗಾಗಿ ಸ್ವಲ್ಪ, ನಕ್ಕವರಿಗಾಗಿ ಹೆಚ್ಚು.

ನನಗೆ ಯಾವ ಕಾಲೇಜಿನಲ್ಲೂ ಆಮೆಯ ಪಾಠ ಆಗಿರಲಿಲ್ಲ. ಹಸು, ಎಮ್ಮೆ, ಕುರಿ, ಕುದುರೆ, ಕೊನೆಯಲ್ಲಿ ನಾಯಿ. ಅಲ್ಲಿಗೆ ಸೃಷ್ಟಿ ಮುಗಿಯುತ್ತಿತ್ತು. ನನ್ನ ಮೊದಲ ಆಮೆ ಸಿಕ್ಕಿದ್ದು ಎಪ್ಪತ್ತರ ದಶಕದಲ್ಲಿ, ಹಳಿಯಾಳದ ಆಸ್ಪತ್ರೆಗೆ ಬಂದ ಹೊಸತರಲ್ಲಿ, ಅದೂ ಒಂದು ಬಾವಿಯೊಳಗೆ.

ಆ ಕಡೆಯ ಹಳ್ಳಿಗಳಲ್ಲಿ ಬಾವಿಗೆ ಆಮೆ ಬಿಡುವ ರೂಢಿ ಇತ್ತು. ಆಮೆ ಪಾಚಿ, ಹುಳು ತಿಂದು ನೀರನ್ನು ಶುದ್ಧ ಇಡುತ್ತದೆ ಎಂದು ನಂಬಿಕೆ. ಕೆರೆಯ ಆಮೆ ತಂದು ಬಿಟ್ಟರೆ ಅದು ತನ್ನ ಪಾಡಿಗೆ ತಾನು ಬದುಕಿಕೊಂಡಿರುತ್ತದೆ, ನಂಬಿಕೆಗೂ ಧಕ್ಕೆ ಇಲ್ಲ. ಒಂದು ಲಿಂಗವಂತರ ಮನೆಯಲ್ಲಿ ಹೊಸ ಬಾವಿ ತೋಡಿಸಿದ್ದರು. ಮನೆಯ ಹಿರಿಯರು ಗಂಗವ್ವ. ಅವರ ಮಗ ಬೀಗರ ಊರಿಗೆ ಹೋದವನು ಅಲ್ಲಿಯ ಬಯಲಿನಲ್ಲಿ ಸಿಕ್ಕ ಒಂದು ಆಮೆಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಂದಿದ್ದ. ಬೆನ್ನ ಮೇಲೆ ನಕ್ಷತ್ರ ಬರೆದಂಥ ಚೆಂದದ ಆಮೆ. ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಸಿದರು. ನಾಲ್ಕಾರು ದಿನಕ್ಕೆ ನೀರು ನಾರತೊಡಗಿತು. ಯಾರೋ ಮಾಟ ಮಾಡಿಸಿದ್ದಾರೆಂದು ಮನೆಯವರು ಕಂಗಾಲು. ದನ ನೋಡಲು ಹೋದ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದರು.

ಮೇಲೆತ್ತಿಸಿದ ಆಮೆ ಸತ್ತು ಉಬ್ಬಿತ್ತು. 'ಮುಳುಗಿ ಸತ್ತೈತ್ರಿ' ಎಂದೆ.

'ಆಮಿ ನೀರಾಗ ಮುಳುಗಿ ಸಾಯ್ತೈತೇನ್ರಿ ಡಾಕ್ಟರ?' ಎಂದರು ಗಂಗವ್ವ. ನಾನು ಹುಚ್ಚನೇನೋ ಎಂಬಂತೆ ಮಗನ ಮುಖ ನೋಡಿದರು.

'ಇದು ನೆಲದ ಆಮಿ ಅವ್ವಾರ. ಕಾಲ ನೋಡ್ರಿ, ಆನಿ ಕಾಲ ಇದ್ದಂಗ ಅದಾವು. ಕೆರಿ ಆಮಿಗೆ ಬೆರಳಿನ ನಡುವ ಚರ್ಮ ಇರತೈತಿ. ಇದಕ್ಕ ಎಲ್ಲೈತಿ? ಇದಕ್ಕ ಈಸಾಕ ಬರಂಗಿಲ್ಲ.'

ಗಂಗವ್ವ ಬಾಗಿ ಅದರ ಕಾಲು ಹಿಡಿದು ನೋಡಿದರು.  ಆಮೇಲೆ ಸೆರಗಿನಿಂದ ಅದರ ಬೆನ್ನ ಮೇಲಿನ ಕುಂಕುಮ ಒರೆಸಿ, 'ಪೂಜಿ ಮಾಡಿ ಮಾಡಿ ಕೊಂದ್ವಲ್ಲೋ ತಮ್ಮಾ' ಎಂದು ಮಗನಿಗೆ ಹೇಳಿದರು. ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿಸಿದರು. ಮುಂದೆ ಬಿಟ್ಟದ್ದು ಕೆರೆಯ ಆಮೆಯನ್ನೇ. ಅಷ್ಟಕ್ಕೆ ಮುಗಿಯಿತು. ತಪ್ಪು ಗೊತ್ತಾದ ಮೇಲೆ ಅದನ್ನು ಬಿಡಲು ಮನುಷ್ಯರಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಈ ಸಂಗತಿ ಹೇಳಿದೆ. ಇನ್ನು ಮುಂದಿನದನ್ನು ಕೇಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹಳಿಯಾಳದಲ್ಲಿದ್ದುಕೊಂಡೇ ವಾರಕ್ಕೊಮ್ಮೆ ದಾಂಡೇಲಿಗೆ ಹೋಗಬೇಕಿತ್ತು. ಊರಿನ ಅಂಚಿನಲ್ಲಿ ಒಂದು ಸಣ್ಣ ಪ್ರಾಣಿ ಉದ್ಯಾನ. ಈಗ ಅದಿಲ್ಲ. ಯಾರದ್ದಾಗಿತ್ತು ಎಂದು ಬರೆಯುವುದಿಲ್ಲ. ಅದರ ಮೇಲಿದ್ದ ದೊಡ್ಡ ಸಾಹೇಬರ ಹೆಸರನ್ನೂ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಏನೂ ತಪ್ಪು ಮಾಡಿಲ್ಲ. ನಾಲ್ಕು ಜಿಂಕೆ, ಒಂದು ಕುಂಟ ನವಿಲು, ಮೊಲಗಳು, ಮತ್ತೆ ಗಾರೆಯ ಕಟ್ಟೆ ಕಟ್ಟಿದ ಒಂದು ದುಂಡನೆಯ ಆವರಣದಲ್ಲಿ ಹತ್ತಾರು ಕಾಡಾಮೆಗಳು. ಜೊಯಿಡಾ ಕಡೆಯ ದಟ್ಟ ಕಾಡಿನಲ್ಲಿ ಮರ ಕಡಿಯುವ ಕೂಪಿನ ಕೆಲಸದವರಿಗೆ ಸಿಕ್ಕವು.

ಅವುಗಳನ್ನು ನೋಡಿಕೊಳ್ಳುತ್ತಿದ್ದವನು ಬಸ್ತ್ಯಾಂವ. ಹಳಿಯಾಳ ತಾಲೂಕಿನ ಒಳಹಳ್ಳಿಯ ಸಿದ್ದಿ ಬುಡಕಟ್ಟಿನವನು, ಕ್ರೈಸ್ತ. ದಿನಗೂಲಿ. 'ಇನ್ನೇನು ಪರ್ಮನೆಂಟ್ ಮಾಡ್ತೀವಿ' ಎಂದು ವರ್ಷಗಟ್ಟಲೆ ಅವನ ಮೂಗಿಗೆ ತುಪ್ಪ ಸವರಿದ್ದರು. ಪರ್ಮನೆಂಟ್ ಆದರೆ ಹೆಂಡತಿಯನ್ನು, ಮಗಳನ್ನು ಊರಿಂದ ಕರೆತಂದು ದಾಂಡೇಲಿಯಲ್ಲಿ ಮನೆ ಮಾಡುವುದು ಅವನ ಆಸೆ. ಬೇರೆ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಅವನೇನು ಆಮೆಗಳ ಪಂಡಿತನಲ್ಲ. ಎಷ್ಟೋ ಸಲ ನನ್ನ ಜೊತೆ ಸುಮ್ಮಸುಮ್ಮನೆ ವಾದ ಮಾಡುತ್ತಿದ್ದ. ಆಮೆಗೆ ಕಿವಿ ಕೇಳುತ್ತದೆಂದು ಕೊಂಕಣಿಯಲ್ಲಿ ಅವುಗಳಿಗೆ ಬೈಯುತ್ತಿದ್ದ. ಆದರೆ ಕೆಲಸದಲ್ಲಿ ಕಳ್ಳತನ ಅವನಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ತೂತು ಮಾಡಿದ ಎಣ್ಣೆಡಬ್ಬಿಯಿಂದ ತರಗೆಲೆಯ ಮೇಲೆ ನೀರು ಚಿಮುಕಿಸುವುದು, ಬಿದ್ದ ಹಣ್ಣು, ಅಣಬೆ, ಸೊಪ್ಪು ಹಾಕುವುದು. ಕಾಡಾಮೆಗೆ ಬೇಕಾದ್ದು ಅದೇ: ನೆರಳು, ತೇವ, ಕೊಳೆತ ಎಲೆ. ಅವು ಚೆನ್ನಾಗಿದ್ದವು.

ದೀಪಾವಳಿ ಕಳೆದ ಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಗೋವೆಯ ಕಡೆ ಹೊರಟ ಬಸ್ಸಿನಿಂದ ಎರಡು ಗೋಣಿಚೀಲ ಇಳಿಸಿದರು. ಬಿಚ್ಚಿದರೆ ಗಂಗವ್ವನ ಬಾವಿಯಲ್ಲಿ ಸತ್ತಂಥದೇ ನಕ್ಷತ್ರ ಆಮೆಗಳು, ಮೂವತ್ತರ ಹತ್ತಿರ. ಕದ್ದು ಸಾಗಿಸುತ್ತಿದ್ದವನು ಓಡಿಹೋಗಿದ್ದ. ಅವನ್ನೆಲ್ಲ ದಾಂಡೇಲಿಯ ಉದ್ಯಾನಕ್ಕೆ ಕಳಿಸಿದರು. ಪರೀಕ್ಷೆ ಮಾಡಲು ನಾನು ಹೋಗುವಷ್ಟರಲ್ಲಿ ಸಾಹೇಬರು ಅವನ್ನು ಕಾಡಾಮೆಗಳ ಆವರಣದಲ್ಲೇ ಬಿಡಿಸಿ, ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಂತಿದ್ದರು.

ನಾನು ಅವರಿಗೆ ಹೇಳಿದ್ದನ್ನು ಈಗ ನಿಮಗೂ ಹೇಳುತ್ತೇನೆ, ಗಮನವಿಟ್ಟು ಕೇಳಿ. ನಕ್ಷತ್ರ ಆಮೆ ಒಣ ನೆಲದ್ದು. ಹುಲ್ಲು, ಬಿಸಿಲು, ಕುರುಚಲು. ಥಂಡಿಯ ದಿನಗಳಲ್ಲಿ ಒದ್ದೆಯಲ್ಲಿ ಇಟ್ಟರೆ ಅದರ ಮೂಗು ಸೋರುತ್ತದೆ, ಎದೆ ಕಟ್ಟುತ್ತದೆ, ಸಾಯುತ್ತದೆ. ಕಾಡಾಮೆಯನ್ನು ಒಣಗಿಸಿದರೆ ಕಣ್ಣು ಗುಳಿಬಿದ್ದು ಸಾಯುತ್ತದೆ. ಇದರ ಮೇವು ಅದಕ್ಕೆ ಒಗ್ಗುವುದಿಲ್ಲ, ಅದರ ಮೈಯಲ್ಲಿರುವ ರೋಗ ಇದಕ್ಕೆ ಹೊಸದು. ತಾನು ಹೊತ್ತರೂ ತನಗೇನೂ ಆಗದ ರೋಗವನ್ನು ಒಂದು ಇನ್ನೊಂದಕ್ಕೆ ಅಂಟಿಸಿ ಕೊಲ್ಲಬಲ್ಲದು. ಮೇಲಾಗಿ ದೀಪಾವಳಿ ಕಳೆದರೆ ಕಾಡಾಮೆಯ ಗಂಡುಗಳಿಗೆ ಬೆದೆ. ಕಣ್ಣಿನ ಸುತ್ತ ಕೆಂಪಡರುತ್ತದೆ, ಎದುರಿಗೆ ಬಂದದ್ದನ್ನೆಲ್ಲ ಗುದ್ದುತ್ತವೆ. ಆಗ ನನಗೆ ಇದರಲ್ಲಿ ಅರ್ಧ ಗೊತ್ತಿತ್ತು. ಇನ್ನರ್ಧವನ್ನು ಆ ಚಳಿಗಾಲದಲ್ಲಿ ಸತ್ತ ಆಮೆಗಳನ್ನು ಕೊಯ್ದು ಕಲಿತೆ.

'ನಡುವೆ ಒಂದು ಗೋಡೆ ಕಟ್ಟಿಸಿಬಿಡಿ' ಎಂದೆ. 'ಮೊಣಕಾಲೆತ್ತರ ಸಾಕು. ಗೌಂಡಿಗೆ ಅರ್ಧ ದಿನದ ಕೆಲಸ. ಈ ಕಡೆ ನೀರು, ಆ ಕಡೆ ಬಿಸಿಲು.'

ಸಾಹೇಬರು ಮೈಸೂರು ಸೀಮೆಯವರು. ನಗುತ್ತಲೇ ಕೇಳಿದರು: 'ಏನ್ರೀ ಡಾಕ್ಟ್ರೇ, ಆಮೆಗಳಿಗೂ ಬೇರೆ ಬೇರೆ ರೂಮು ಅಂತೀರಲ್ಲ, ನಾವೇನು ಲಾಡ್ಜ್ ನಡೆಸ್ತಿದ್ದೀವಾ? ಆಮೆ ಅಂದ್ರೆ ಆಮೆ ಕಣ್ರೀ.'

ಅವರ ತಲೆಯಲ್ಲಿ ಆಗಲೇ ಬೇರೆ ಯೋಜನೆ ಮೊಳೆತಿತ್ತು. ಮುಂದಿನ ವಾರ ಹೋದಾಗ ಆವರಣದ ಮುಂದೆ ಬಣ್ಣದ ಫಲಕ ಎದ್ದಿತ್ತು: 'ವಿವಿಧತೆಯಲ್ಲಿ ಏಕತೆ'. ಆ ಕಾಲದಲ್ಲಿ ಎಲ್ಲ ಗೋಡೆಗಳ ಮೇಲೂ ಈ ಮಾತು ಇರುತ್ತಿತ್ತು; ಮನುಷ್ಯರಿಗೆ ಹೇಳಿದ ಒಳ್ಳೆಯ ಮಾತು. ಇವರು ಅದನ್ನು ಆಮೆಗಳಿಗೆ ಹಚ್ಚಿದರು. ಜನವರಿ ಕಳೆದ ಮೇಲೆ ಸರ್ಕಾರದ ದೊಡ್ಡವರೊಬ್ಬರು ಉದ್ಯಾನ ನೋಡಲು ಬರುವವರಿದ್ದರು. ಬೇರೆ ಬೇರೆ ಕಡೆಯ ಆಮೆಗಳು ಒಂದೇ ಮನೆಯಲ್ಲಿ ಹೇಗೆ ಹೊಂದಿಕೊಂಡು ಬಾಳುತ್ತವೆ ಎಂದು ಅವರಿಗೆ ತೋರಿಸಬೇಕು. ನಡುವೆ ಗೋಡೆ ಎದ್ದರೆ ಸಾಹೇಬರ ಭಾಷಣಕ್ಕೆ ಅಡ್ಡ. ಒಬ್ಬ ಮನುಷ್ಯನ ಭಾಷಣಕ್ಕಾಗಿ ಮೂವತ್ತು ಜೀವ ಹೋಗಬೇಕಾಯಿತು ಎಂದು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ನಾನು ಬಸ್ತ್ಯಾಂವನಿಗೆ ಹೇಳಿದೆ: 'ಒಂದು ಮೂಲೆಗಷ್ಟ ನೀರ ಹಾಕು. ನಡುವ ಬಿದಿರಿನ ತಟ್ಟಿ ಕಟ್ಟು.'

ಅವನು ತಟ್ಟಿ ಹೆಣೆದು ಕಟ್ಟಿದ. ಸಾಹೇಬರು ಸಂಜೆಯ ವಾಯುವಿಹಾರಕ್ಕೆ ಬಂದವರು ತೆಗೆಸಿದರು. ನಾನು ಮತ್ತೆ ಕಟ್ಟಿಸಿದೆ. ಮತ್ತೆ ತೆಗೆಸಿದರು. ಅಷ್ಟೇ ಅಲ್ಲ, ಆ ಬಿದಿರನ್ನು ತಮ್ಮ ಬಂಗಲೆಯ ಒಲೆಗೆ ಹಾಕಿಸಿದರು. 'ಇನ್ನೊಮ್ಮೆ ಇದನ್ನ ಕಂಡ್ರೆ ಪರ್ಮನೆಂಟ್ ಆಸೆ ಬಿಟ್ಬಿಡು' ಎಂದು ಬಸ್ತ್ಯಾಂವನಿಗೆ ಹೇಳಿದರು. ಅವನು ಮತ್ತೆ ಕಟ್ಟಲಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ತಟ್ಟಿ ಇಲ್ಲದ ಮೇಲೆ ಮೂಲೆ ಎಂಬುದಕ್ಕೆ ಅರ್ಥವೇನು? ಆಮೆಗೆ ಮೂಲೆ ಗೊತ್ತೇ? ಎಲ್ಲಿ ಸೊಪ್ಪು ಕಂಡರೆ ಅಲ್ಲಿಗೆ ಅದು. ನಕ್ಷತ್ರ ಆಮೆಗಳು ಒದ್ದೆ ಎಲೆಯಲ್ಲಿ ಹೂತುಕೊಂಡು ಮಲಗತೊಡಗಿದವು. ದಾಂಡೇಲಿಯ ಚಳಿ ಬಲ್ಲವರಿಗೆ ಗೊತ್ತು, ಬೆಳಗಿನ ಮಂಜಿಗೆ ಕಾಳಿ ನದಿಯೇ ಕಾಣುವುದಿಲ್ಲ. ಅಂಥ ಬೆಳಿಗ್ಗೆ ಬಸ್ತ್ಯಾಂವ ನೀರು ಚಿಮುಕಿಸಿದರೆ ನಕ್ಷತ್ರ ಆಮೆಗಳಿಗೆ ಕೇಡು, ಚಿಮುಕಿಸದಿದ್ದರೆ ಕಾಡಾಮೆಗಳಿಗೆ ಕೇಡು. 'ಏನ ಮಾಡ್ಲಿ ಡಾಕ್ಟರ್ ಸಾಹೇಬ್ರ?' ಎಂದು ಅವನು ಡಬ್ಬಿ ಹಿಡಿದುಕೊಂಡು ಕೇಳಿದ. 'ಕಡಿಮಿ ಹಾಕು' ಎಂದೆ.  ಎರಡಕ್ಕೂ ಸಾಲುವ ಅಳತೆ ಎಂಬುದು ಇರಲೇ ಇಲ್ಲ.

ದಾಂಡೇಲಿಯದೇ ಬಂಗೂರನಗರದ ಶಾಲೆಯೊಂದರ ಮಕ್ಕಳು ನೋಡಲು ಬಂದ ದಿನ ನಾನು ಅಲ್ಲೇ ಇದ್ದೆ. ಕಣ್ಣು ಕೆಂಪಾದ ಒಂದು ಗಂಡು ಕಾಡಾಮೆ ನಕ್ಷತ್ರ ಆಮೆಯೊಂದನ್ನು ಕಟ್ಟೆಗೆ ಒತ್ತರಿಸಿ ಗುದ್ದತೊಡಗಿತು. ಚಿಪ್ಪಿಗೆ ಚಿಪ್ಪು ಬಡಿದು ಟಕ್ ಟಕ್ ಎಂದು ಸದ್ದು. ಮಕ್ಕಳು ಚಪ್ಪಾಳೆ ತಟ್ಟಿದರು. 'ನೋಡಿ ಮಕ್ಕಳೇ, ಹೇಗೆ ಆಟ ಆಡ್ತಾ ಇವೆ' ಎಂದರು ಸಾಹೇಬರು. ನಕ್ಷತ್ರ ಆಮೆ ಮಗುಚಿ ಬೆನ್ನಡಿಯಾಗಿ ಬಿತ್ತು. ಕಾಲು ಆಡಿಸುತ್ತಾ ಬಿಸಿಲಲ್ಲಿ ಬಿದ್ದಿತ್ತು. ಬಸ್ತ್ಯಾಂವ ಕಟ್ಟೆ ಹಾರಿ ಅದನ್ನು ಎತ್ತಿ ಸರಿ ಮಾಡಿದ. ಪ್ರವಾಸಿಗರ ಮುಂದೆ ಕಟ್ಟೆ ಹಾರಿದ್ದಕ್ಕೆ ಸಾಹೇಬರು ಅವನಿಗೆ ಮಕ್ಕಳೆದುರಿಗೇ ಬೈದರು. ಶಿಸ್ತು ಅಂದರೆ ಏನೆಂದು ಮಕ್ಕಳಿಗೆ ಅದನ್ನೂ ಕಲಿಸಿ ಕಳಿಸಿದರು.

ಕ್ರಿಸ್ಮಸ್ ಹೊತ್ತಿಗೆ ನಕ್ಷತ್ರ ಆಮೆಗಳ ಮೂಗಿನಲ್ಲಿ ಗುಳ್ಳೆ. ಕಣ್ಣು ಬಾತು ಮುಚ್ಚಿಕೊಂಡವು. ಮೇವು ಬಿಟ್ಟವು. ಬಾಯಿ ತೆರೆದು, ಕತ್ತು ಚಾಚಿ ಉಸಿರೆಳೆಯತೊಡಗಿದವು. ಆಮೆ ಬಾಯಿ ತೆರೆದು ಉಸಿರಾಡುವುದನ್ನು ಒಮ್ಮೆ ನೋಡಿದರೆ ಮರೆಯಲಾರಿರಿ. ಕೂಗಲೂ ಬಾರದ ಪ್ರಾಣಿ. ನಮ್ಮಲ್ಲಿ ಆಗ ಇದ್ದದ್ದು ಗಾಜಿನ ಸಿರಿಂಜು. ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಸಿ, ಆರಿಸಿ ಬಳಸಬೇಕು. ಆಮೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ದನಕ್ಕೆ ತಂದ ಟೆಟ್ರಾಸೈಕ್ಲಿನ್ನನ್ನು ಅದರ ತೂಕಕ್ಕೆ ಲೆಕ್ಕ ಹಾಕಿ ಮುಂಗಾಲಿಗೆ ಚುಚ್ಚುವುದು. ತೀರಾ ಕೆಟ್ಟಿದ್ದ ಎಂಟನ್ನು ಹಳಿಯಾಳದ ಆಸ್ಪತ್ರೆಗೆ ಒಯ್ದೆ. ಔಷಧದ ಕೋಣೆಯಲ್ಲಿ ಒಣ ಹುಲ್ಲು ಹಾಸಿ, ಮೇಲೊಂದು ಬಲ್ಬು ಇಳಿಬಿಟ್ಟು, ಹಗಲು ಅಂಗಳದ ಬಿಸಿಲಿಗೆ ಬಿಟ್ಟೆ. ಹದಿನೈದು ದಿನದಲ್ಲಿ ಮೂಗು ಒಣಗಿತು. ಎಮ್ಮೆ ಹಿಡಿದುಕೊಂಡು ಬಂದ ರೈತರ ಕಾಲ ಸಂದಿಯಲ್ಲಿ ಹುಲ್ಲು ಮೇಯುತ್ತಾ ಓಡಾಡತೊಡಗಿದವು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಒಣ ನೆಲ, ಬೇರೆ ಮನೆ, ಅಷ್ಟೇ ಔಷಧಿ.

ಆಗ ದೊಡ್ಡವರ ಭೇಟಿಯ ದಿನ ಹತ್ತಿರ ಬಂತು. ಸಾಹೇಬರಿಗೆ ಆವರಣ ತುಂಬಿ ಕಾಣಬೇಕು. ಎಂಟು ಆಮೆ ವಾಪಸು ಕೊಡಿ ಎಂದು ಜೀಪು ಕಳಿಸಿದರು. ನಾನು ಕೊಡಲಿಲ್ಲ. ಅವರು ನನ್ನ ಮೇಲಧಿಕಾರಿಗೆ ಫೋನು ಹಚ್ಚಿದರು. ನನ್ನ ಮೇಲಧಿಕಾರಿ ಕೆಟ್ಟವರಲ್ಲ, ಪುಕ್ಕಲರು. ನನ್ನ ಅನುಭವದಲ್ಲಿ ಎರಡರಿಂದಲೂ ಆಗುವ ನಷ್ಟ ಒಂದೇ.

'ನಮಗ್ಯಾಕ ಬೇಕ್ರಿ ಆ ಆಮಿ ಉಸಾಬರಿ? ಅವರ ಮಾಲು ಅವರಿಗೆ ಕೊಟ್ಟು ಕೈ ತೊಳಕೋರಿ' ಎಂದರು.

'ಕೊಟ್ರ ಸಾಯ್ತಾವ್ರಿ.'

'ಸತ್ರ ಅವರ ಕಡೆ ಸಾಯ್ತಾವಲ್ರಿ, ನಮ್ಮ ಆಸ್ಪತ್ರ್ಯಾಗ ಅಲ್ಲಲ್ಲ?'

ಈ ಮಾತನ್ನು ನೀವು ನಿಮ್ಮ ನೌಕರಿಯಲ್ಲಿ ನೂರು ಸಲ ಕೇಳುತ್ತೀರಿ. ಕೇಳಿದಾಗಲೆಲ್ಲ ಸಿಟ್ಟು ಬರಲಿ. ಬರುವುದು ನಿಂತಿತೆಂದರೆ ನೀವೂ ಮೇಲಧಿಕಾರಿ ಆಗಲು ಯೋಗ್ಯರಾದಿರಿ ಎಂದರ್ಥ. ಎಂಟನ್ನೂ ಜೀಪಿನಲ್ಲಿ ಒಯ್ದರು. ದೊಡ್ಡವರು ಬರುವ ಹೊತ್ತಿಗೆ ಅವುಗಳಲ್ಲಿ ಒಂದೂ ಉಳಿದಿರಲಿಲ್ಲ. ಉಳಿದವೂ ಒಂದೊಂದಾಗಿ ಹೋಗುತ್ತಿದ್ದವು. ಸತ್ತ ಒಂದೊಂದನ್ನೂ ಬಸ್ತ್ಯಾಂವ ಬಾಳೆಎಲೆಯಲ್ಲಿ ಸುತ್ತಿ ನನಗೆ ತಂದುಕೊಡುತ್ತಿದ್ದ, ನಾನು ಕೊಯ್ದು ನೋಡುತ್ತಿದ್ದೆ. ಎಲ್ಲದರ ಎದೆಯಲ್ಲೂ ಒಂದೇ ಕಥೆ, ಕೀವು.

ದೊಡ್ಡವರು ಬಂದರು. ಭಾಷಣವೂ ಆಯಿತು. ಆವರಣದ ಹತ್ತಿರ ನಿಂತು ಅವರು ಸಾಹೇಬರನ್ನು ಕೇಳಿದರು: 'ಮೂವತ್ತು ನಕ್ಷತ್ರ ಆಮೆ ಇವೆ ಅಂದಿದ್ರಿ. ನಾಲ್ಕೇ ಕಾಣ್ತಾವಲ್ಲ?'

ಅಲ್ಲಿಂದ ವಿಚಾರಣೆ. ಕಾರವಾರದ ಕಡೆಯಿಂದ ಒಬ್ಬ ಅಧಿಕಾರಿ ಬಂದು ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಸಾಹೇಬರು. ಕೆಳಗೆ ಅಂಗಳದಲ್ಲಿ ಬಸ್ತ್ಯಾಂವ. ನನಗೆ ಕುರ್ಚಿ ಕೊಟ್ಟಿದ್ದರು. ನಾನು ಕೂರಲಿಲ್ಲ.

ಸಾಹೇಬರು ಅಧಿಕಾರಿಯ ಕಿವಿಗೆ ಬಾಗಿದರು, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದರು: 'ಸತ್ತಿದ್ದು ಅಂತ ಹೇಳ್ತಾನೆ. ಈ ಜನ ಆಮೆ ತಿನ್ನೋರು, ನಿಮಗೆ ಗೊತ್ತಲ್ಲ.'

ಬಸ್ತ್ಯಾಂವ ತಲೆ ತಗ್ಗಿಸಿದ. ನಾನು ಮೇಜಿನ ಮುಂದೆ ಹೋದೆ. 'ಸತ್ತ ಒಂದೊಂದನ್ನೂ ನನ್ನ ಕೈಯಾರೆ ಕೊಯ್ದಿದ್ದೇನೆ' ಎಂದು ಕೂಗಿದೆ. 'ಚಿಪ್ಪುಗಳೆಲ್ಲ ಹಳಿಯಾಳದಲ್ಲಿವೆ, ಬಂದು ಎಣಿಸಿಕೊಳ್ಳಿ. ನಾಚಿಕೆ ಆಗಬೇಕು ನಿಮಗೆ.' ಸರ್ಕಾರಿ ನೌಕರಿಯ ಉದ್ದಕ್ಕೂ ಮೇಲಿನವರ ಮುಂದೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೊಂದೇ ಸಲ. ಇನ್ನೂ ಜೋರಾಗಿ ಮಾತಾಡಬೇಕಿತ್ತು.

ಆಮೆ ತಿಂದರೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಅಧಿಕಾರಿ ಬೇರೆ ದಾರಿ ಹಿಡಿದರು.

'ಯಾತಕ್ಕೆ ಸತ್ತವು ಡಾಕ್ಟ್ರೇ?'

'ಒದ್ದೆಯಲ್ಲಿ ಇಟ್ಟದ್ದಕ್ಕೆ. ಎರಡು ಬಗೆಯನ್ನು ಒಂದೇ ಕಡೆ...'

'ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಒದ್ದೆ ಎಲ್ಲಿಂದ ಬಂತು?' ಅವರು ಬಸ್ತ್ಯಾಂವನ ಕಡೆ ತಿರುಗಿದರು. 'ನೀರು ಹಾಕಿದವರು ಯಾರು?'

'ನಾನ ರೀ' ಎಂದ ಬಸ್ತ್ಯಾಂವ.

'ಹಾಕದಿದ್ದರೆ ಕಾಡಾಮೆಗಳು ಸಾಯುತ್ತಿದ್ದವು' ಎಂದೆ ನಾನು. 'ಗೋಡೆ ಕಟ್ಟಿಸಿ ಎಂದು ಬಾಯಿ ಬಡಿದುಕೊಂಡಿದ್ದೇನೆ. ಅವನು ತಟ್ಟಿ ಕಟ್ಟಿದರೆ ಕಿತ್ತು ಒಲೆಗೆ ಹಾಕಿದ್ದಾರೆ.'

'ಕಾಡಾಮೆಗಳು ಸತ್ತಿವೆಯಾ?'

'ಇಲ್ಲ.'

'ಹಾಗಾದ್ರೆ ಸತ್ತಿರೋದರ ಬಗ್ಗೆ ಮಾತಾಡೋಣ.'

ಅಷ್ಟೇ. ನೀರು ಹಾಕಿದವನು ಅವನು, ನೀರಿನಿಂದ ಸತ್ತವು ಅವು. ಎರಡೂ ನಿಜ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ತ್ಯಾಂವನನ್ನು ನಿರ್ಲಕ್ಷ್ಯದ ಹೆಸರಿನಲ್ಲಿ ಕೆಲಸದಿಂದ ತೆಗೆದರು. ದಿನಗೂಲಿಯವನನ್ನು ತೆಗೆಯಲು ಏನು ಬೇಕು? ನಾಳೆಯಿಂದ ಬರಬೇಡ ಎಂದರೆ ಸಾಕು. ಅವನು ಎಣ್ಣೆಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ನನಗೆ ಕೈ ಮುಗಿದು, ಹಳಿಯಾಳದ ಬಸ್ಸು ಹತ್ತಿದ. ನಕ್ಷತ್ರ ಆಮೆಗಳಲ್ಲಿ ಕೊನೆಯ ನಾಲ್ಕೂ ಶಿವರಾತ್ರಿಯೊಳಗೆ ಹೋದವು.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಸಾಹೇಬರು ವಿಚಾರಣೆಯಿಂದ ಪಾಠ ಕಲಿತರು. ಆಮೆಗೆ ನೀರು ಕೇಡು ಎಂದು ಕಲಿತರು. ಹೊಸ ಕಾವಲುಗಾರನಿಗೆ 'ಒಂದು ಹನಿ ನೀರು ಬಿದ್ರೂ ನಿನ್ನ ಚರ್ಮ ಸುಲೀತೀನಿ' ಎಂದು ಅಪ್ಪಣೆ ಕೊಟ್ಟರು. ತರಗೆಲೆ ಗುಡಿಸಿ, ಮರಳು ಹಾಸಿಸಿದರು. ಹೊಸಬ ಪಾಪ ಹೆದರುಪುಕ್ಕ, ಹೇಳಿದಂತೆ ನಡೆದುಕೊಂಡ. ನಾನು ಪ್ರತಿ ವಾರ ಹೋಗಿ, ಇವಕ್ಕೆ ತೇವ ಬೇಕು, ನೆರಳು ಬೇಕು ಎಂದೆ. 'ನೀವೇ ತಾನೇ ನೀರಿನಿಂದ ಸತ್ತವು ಅಂದಿದ್ದು?' ಎಂದು ನನ್ನ ಮಾತನ್ನೇ ನನಗೆ ತಿರುಗಿಸಿದರು. 'ಅವು ಬೇರೆ, ಇವು ಬೇರೆ' ಎಂದೆ. 'ಆಮೆ ಅಂದ್ರೆ ಆಮೆ' ಎಂದರು. ಏಪ್ರಿಲ್ ಬಿಸಿಲಿಗೆ ಕಾಡಾಮೆಗಳ ಕಣ್ಣು ಗುಳಿಬಿದ್ದವು, ಚರ್ಮ ಸುಕ್ಕಾಯಿತು. ವರ್ಷಗಟ್ಟಲೆ ಚೆನ್ನಾಗಿದ್ದ ಪ್ರಾಣಿಗಳು ಮೇ ತಿಂಗಳ ಹೊತ್ತಿಗೆ ಅರ್ಧಕ್ಕರ್ಧ ಉಳಿದವು. ಸಾಹೇಬರು ಹೊಸಬನನ್ನೂ ತೆಗೆದರು. ಕಾರಣ ಏನು ಗೊತ್ತೇ? ನೀರು ಹಾಕಲಿಲ್ಲ ಎಂದು.

ಮೊದಲ ಮಳೆ ಬೀಳುವ ಮುಂಚೆ ಸಾಹೇಬರು ನನ್ನನ್ನು ಕರೆಸಿದರು. ಮುಖ ಸ್ವಲ್ಪ ಇಳಿದಿತ್ತು. ಇನ್ನೊಂದು ಬಸ್ಸಿನಲ್ಲಿ ಇನ್ನೊಂದು ಚೀಲ ನಕ್ಷತ್ರ ಆಮೆ ಸಿಕ್ಕಿದ್ದವು. ಅದೇ ಆವರಣಕ್ಕೆ ತಂದು ಬಿಟ್ಟಾಗಿತ್ತು.

'ಆ ಸಿದ್ದಿ ಇದ್ದಾಗ ಕಾಡಾಮೆನಾದ್ರೂ ಚೆನ್ನಾಗಿದ್ವು' ಎಂದರು. 'ನೀವು ಹೇಳಿದ್ರೆ ಬರ್ತಾನೆ. ಈ ಸಲ ಪರ್ಮನೆಂಟ್ ಗ್ಯಾರಂಟಿ, ನನ್ನ ಮಾತು ಅಂತ ಹೇಳಿ.'

'ಗೋಡೆ?' ಎಂದೆ.

'ಅದೊಂದು ಬಿಡ್ರೀ ಡಾಕ್ಟ್ರೇ. ಈಗ ಕಟ್ಟಿಸಿದ್ರೆ ಆವತ್ತು ಕಟ್ಟಿಸದೇ ಇದ್ದಿದ್ದು ತಪ್ಪು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ.'

ಕೇಳಿದಿರಾ? ನಾಚಿಕೆ, ಹೆದರಿಕೆ ಏನೂ ಇಲ್ಲದೆ ಹೀಗೇ ಹೇಳಿದರು. ಅವರಿಗೆ ಆಮೆಗಳ ವಿಷಯ ಮೊದಲ ದಿನ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಈ ಹೊತ್ತಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿಸಲಿಲ್ಲ.

ಆದರೂ ನಾನು ಬಸ್ತ್ಯಾಂವನ ಊರಿಗೆ ಹೋದೆ. ಸಾಹೇಬರಿಗಾಗಿ ಅಲ್ಲ, ಒಬ್ಬನಿಗೆ ಕಾಯಂ ನೌಕರಿ ಸಿಗುವುದಿದ್ದರೆ ಅದನ್ನು ತಡೆಯಲು ನಾನು ಯಾರು? ರಸ್ತೆಯಲ್ಲಿ ಬಸ್ಸು ಇಳಿದು ಕಾಡುದಾರಿಯಲ್ಲಿ ನಡೆದೆ. ಅವನು ಮನೆಯ ಮುಂದೆ ಕೂತು ಬಿದಿರು ಸೀಳಿ ತಟ್ಟಿ ಹೆಣೆಯುತ್ತಿದ್ದ, ಕೋಳಿಮರಿಗಳನ್ನು ಆಡುಗಳಿಂದ ಬೇರೆ ಮಾಡಲು. ಕೂಲಿ ಕೆಲಸ ಸಿಕ್ಕಾಗ ಉಂಟು, ಇಲ್ಲದಾಗ ಇಲ್ಲ ಎನ್ನುವುದು ಮನೆ ನೋಡಿದರೆ ತಿಳಿಯುತ್ತಿತ್ತು. ಹೆಂಡತಿ ಕರಿ ಚಹಾ ತಂದುಕೊಟ್ಟು ಬಾಗಿಲಲ್ಲಿ ನಿಂತರು. ಮಗಳು ಅವರ ಬೆನ್ನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಳು.

ನಾನು ಎಲ್ಲ ಹೇಳಿದೆ. ಪರ್ಮನೆಂಟ್ ಎಂಬ ಮಾತು ಬಂದಾಗ ಹೆಂಡತಿ ಗಂಡನ ಮುಖ ನೋಡಿದರು. ಅವನ ಕೈ ನಿಂತಿತು. ಎಷ್ಟೋ ವರ್ಷ ಕಾದಿದ್ದ ಮಾತು ಅದು.

'ನಡುವ ಗ್ವಾಡಿ ಕಟ್ಟ್ಯಾರೇನ್ರಿ?' ಎಂದು ಕೇಳಿದ.

'ಇಲ್ಲ.'

'ಕಟ್ಟತಾರಂತೇನ್ರಿ?'

'ಇಲ್ಲೋ ಮಾರಾಯಾ. ಕಟ್ಟಂಗಿಲ್ಲಂತ.'

ಬಸ್ತ್ಯಾಂವ ಸೀಳಿದ ಬಿದಿರನ್ನು ಮೊಣಕಾಲ ಮೇಲಿಟ್ಟುಕೊಂಡ. ಸಿಟ್ಟು ಇರಲಿಲ್ಲ ಅವನ ಮುಖದಲ್ಲಿ. ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿದೆ.

'ಹಂಗಾರ ಡಾಕ್ಟರ್ ಸಾಹೇಬ್ರ' ಎಂದ, 'ಈ ಸಲ ನಾ ಯಾವ ಆಮಿ ಕೊಲ್ಲಾಕ ಬರಬೇಕ್ರಿ?'